ಜೀವಕೋಶವೂ ಅಪ್ಪಣೆಗೆ ಕಾಯುತ್ತದೆ

ಸಂಶೋಧನಾಲಯದ ನಿರ್ದೇಶಕರೇ,

ಇಂದು ಬೆಳಿಗ್ಗೆ ಹೊಲಿಗೆ ಬಿಚ್ಚಿಸಿಕೊಳ್ಳಲು ನಿಮ್ಮ ಆಸ್ಪತ್ರೆಗೆ ಬಂದ ಗದಿಗೆಮ್ಮ, ಗುಮಾಸ್ತರು ಚಾಚಿದ ಮಸಿ ಡಬ್ಬಿಯನ್ನು ಪಕ್ಕಕ್ಕೆ ತಳ್ಳಿದರು. "ಒಯ್ರಿ ಅದನ್ನ. ನಾ ಸಹಿ ಮಾಡ್ತೀನ್ರಿ" ಎಂದು ರಿಜಿಸ್ಟರಿನಲ್ಲಿ ನಿಧಾನವಾಗಿ, ಒತ್ತಕ್ಷರ ತಪ್ಪದೆ ಹೆಸರು ಬರೆದರು. ನಾನು ಹೋಗಿ ಕಡತ ತೆರೆದೆ. ಅವರ ಸ್ತನದ ಗಂಟು ತೆಗೆದಾಗ ಸುತ್ತಲಿನ ಆರೋಗ್ಯವಂತ ತುಣುಕನ್ನು ನಿಮ್ಮ ಪ್ರಯೋಗಕ್ಕೆ ಕೊಟ್ಟಂತೆ ಹೇಳುವ ಒಪ್ಪಿಗೆ ಪತ್ರ ಅಲ್ಲಿತ್ತು. ಅದರ ಮೇಲೆ ಹೆಬ್ಬೆಟ್ಟು!

ಕೇಳಿದೆ. "ಆಪರೇಷನ್ ಆಗಿ ಎಚ್ಚರಾದಾಗ ಹೆಬ್ಬಟ್ಟಿಗೆ ನೀಲಿ ಮಸಿ ಹತ್ತಿತ್ತು ನೋಡವಾ. ದವಾಯಿ ಇರಬೇಕಂತ ತೊಳಕೊಂಡೆ" ಎಂದು ನಕ್ಕರು. ಯಾದಗಿರಿ ಕಡೆಯಿಂದ ಹೈದರಾಬಾದಿಗೆ ಗಾರೆ ಕೆಲಸಕ್ಕೆ ಬಂದ ಹೆಂಗಸಿಗೆ ಅಕ್ಷರ ಬರಬಹುದೆಂದು ನಿಮ್ಮ ಕಚೇರಿಗೆ ಹೊಳೆಯಲೇ ಇಲ್ಲವೇ? ಅಥವಾ ಪ್ರಜ್ಞೆ ತಪ್ಪಿದವರ ಒಪ್ಪಿಗೆಯೇ ಹೆಚ್ಚು ಅನುಕೂಲವೇ?

ನಾನು ಸಾಹಿತ್ಯ ಓದಿದವಳು. ಕನ್ನಡದ ರೋಗಿಗಳಿಗೆ ಒಪ್ಪಿಗೆ ಪತ್ರ ಓದಿ ಹೇಳಲೆಂದು ನೀವೇ ನೇಮಿಸಿಕೊಂಡವಳು. ವಿಜ್ಞಾನ ಕಲಿತದ್ದು ನಿಮ್ಮ ಉಪನ್ಯಾಸಗಳ ಕೊನೆಯ ಬೆಂಚಿನಲ್ಲಿ. ತಟ್ಟೆಯಲ್ಲಿ ಬೆಳೆಸಿದ ಆರೋಗ್ಯವಂತ ಸ್ತನಕೋಶ ತಾನಾಗಿಯೇ ಎರಡಾಗುವುದಿಲ್ಲ ಎಂದಿರಿ. ಗ್ರೋತ್ ಫ್ಯಾಕ್ಟರ್ ಎಂಬ ಪ್ರೋಟೀನ್ ಹೊರಗಿನಿಂದ ಬಂದು ಅದರ ಮೈಮೇಲಿನ ಗ್ರಾಹಕವನ್ನು, ಅಂದರೆ ಸಂಕೇತ ಹಿಡಿಯುವ ತಾಣವನ್ನು, ಮುಟ್ಟಬೇಕು. ಪೋಷಕ ದ್ರವದಿಂದ ಅದನ್ನು ತೆಗೆದರೆ ಕೋಶ ಸಾಯದೆ ಸುಮ್ಮನೆ ಕಾಯುತ್ತದೆ. ಮರಳಿ ಹಾಕಿದರೆ ಮತ್ತೆ ವಿಭಜನೆ ಶುರು. ಇನ್ನೊಂದು ಬಗೆಯ ಪ್ರೋಟೀನ್ ಬಂದು ಸಾಕೆಂದರೆ ನಿಲ್ಲುತ್ತದೆ. ಯಾರ ಅಪ್ಪಣೆಗೂ ಕಾಯದೆ, ಸಾಕೆಂದರೂ ಕೇಳದೆ ಬೆಳೆಯುವುದೇ ಕ್ಯಾನ್ಸರ್ ಎಂದೂ ನೀವೇ ಹೇಳಿದಿರಿ. ಬಹಳ ಚೆನ್ನಾಗಿ ಹೇಳಿದಿರಿ. ಕಣ್ಣಿಗೆ ಕಾಣದ ಕೋಶಕ್ಕಿರುವ ಈ ಮರ್ಯಾದೆಯೂ ಇಲ್ಲದ ಕಚೇರಿಗೆ ಏನೆನ್ನೋಣ, ಮಾನ್ಯರೇ?

ವಿಷಯ ತಿಳಿಸಿದಾಗ ಗದಿಗೆಮ್ಮ ಬೈಯಲಿಲ್ಲ. "ನನ್ನ ಮೈಯಾಂದು ಅಲ್ಲಿ ಇನ್ನಾ ಬೆಳ್ಯಾಕತ್ತೈತೇನು? ಕೇಳಿದ್ರ ಕೊಡ್ತಿದ್ನೋ ಏನೋ. ಒಂದ್ ಮಾತು ಕೇಳಬೇಕಿತ್ತಿಲ್ಲ?"

ಅವರ ಕೋಶ ಬೆಳೆಯುತ್ತಿರುವ ತಟ್ಟೆಗಳ ಮೇಲಿನ ಪ್ರಯೋಗವನ್ನು ಇಂದೇ ನಿಲ್ಲಿಸಿ. ಒಪ್ಪಿಗೆ ಪತ್ರವನ್ನು ಅವರೆದುರು ಕನ್ನಡದಲ್ಲಿ ಓದಿಸಿ. ಬೇಡವೆಂದರೆ ಕೋಶಗಳನ್ನು ನಾಶಮಾಡಿ, ಮಾಡಿದ್ದೇವೆಂದು ಅವರಿಗೆ ಬರೆದುಕೊಡಿ.

ಆ ಹೆಬ್ಬೆಟ್ಟಿನ ಕೆಳಗೆ, 'ಓದಿ ಹೇಳಿದ್ದೇನೆ' ಎಂಬಲ್ಲಿ, ಸಾಕ್ಷಿಯ ಸಹಿಯೊಂದಿದೆ. ಅದು ನನ್ನದು. ನಿಮ್ಮ ಕಚೇರಿಯವರು ಇಂಥ ಹನ್ನೊಂದು ಪತ್ರಗಳ ಕಟ್ಟನ್ನು ಮುಂದಿಟ್ಟು ಅವಸರ ಮಾಡಿದಾಗ ಎದುರಾಡಲು ಸಂಕೋಚಪಟ್ಟು ಹಾಕಿದ್ದು. ಅದು ಸುಳ್ಳೆಂದು ನಾಳೆ ನೈತಿಕ ಸಮಿತಿಗೆ ಬರೆದುಕೊಡುತ್ತೇನೆ. ನನ್ನ ಕೆಲಸದ ಗುರುತಿನ ಚೀಟಿಯನ್ನೂ ಅದರ ಜೊತೆಗೇ ಇಟ್ಟು ಬರುತ್ತೇನೆ.

ಇಂತಿ,
ಓದಿ ಹೇಳದೆ ಸಾಕ್ಷಿಯಾದ
ಶಿವಗಂಗಾ
ನಾರಾಯಣಗೂಡ, ಹೈದರಾಬಾದ್