ಕಣಿವೆ ತೆರೆಯೋ ದಿನ

ಫೆಬ್ರವರಿ 24, ಮಂಗಳವಾರ

ಕೆಳದವಡೆ ಮೂರು ಸೆಟ್, ಮೇಲ್ದವಡೆ ಒಂದು. ಊಟದ ಹೊತ್ತಿಗೆ ನಾಲ್ಕಕ್ಕೂ ಮೇಣದ ಮೇಲೆ ಹಲ್ಲು ಕೂರಿಸಿ ಮುಗಿಸಿದೆ. ಕಟ್ಟುಹಲ್ಲಿನ ಲ್ಯಾಬಿನ ಯಜಮಾನರು ಭೂತಗನ್ನಡಿ ಹಿಡಿದು ನೋಡಿದರು. ಏನೂ ಅನ್ನಲಿಲ್ಲ. ಅವರು ಏನೂ ಅನ್ನದಿದ್ದರೆ ಅದೇ ಶಹಭಾಸ್.

ಅದೇ ಗಳಿಗೆ ನೋಡಿ ರಜೆ ಕೇಳಿದೆ. ಮಾರ್ಚ್ ಇಪ್ಪತ್ತರಿಂದ ನಾಲ್ಕು ದಿನ.

"ಏನು ವಿಶೇಷ?"

"ಮನೆ ಕೆಲಸ ಸರ್."

"ಹೋದ ವರ್ಷ ಎರಡು ಸಲ ಇದೇ ಮನೆ ಕೆಲಸಕ್ಕೆ ರಜೆ ಬರ್ಕೊಂಡು, ಆಮೇಲೆ ಬೇಡ ಅಂದ್ರಿ."

ನಿಜ. ಹೋದ ವರ್ಷ ಆಟದ ಬಿಡುಗಡೆಯನ್ನೇ ಎರಡು ಸಲ ಮುಂದೂಡಿದ್ದರು. ನಲವತ್ತಾರರ ಹೆಂಗಸು ವಿಡಿಯೋ ಗೇಮಿಗೆ ರಜೆ ಕೇಳ್ತಿದ್ದಾಳೆ ಅಂತ ಯಾವ ಬಾಯಲ್ಲಿ ಹೇಳಲಿ. ಕೊನೆಗೆ ಕೊಟ್ಟರು. "ಅದಕ್ಕೆ ಮುಂಚೆ ಮಾತ್ರ ಅರ್ಧ ದಿನವೂ ಕೇಳಬೇಡಿ." ತಲೆಯಾಡಿಸಿದೆ.

ಮನೆಗೆ ಬಂದರೆ ಅತ್ತೆ ಟಿವಿ ಮುಂದೆ. ಆಟದ ಹೊಸ ಟ್ರೇಲರ್, ಹದಿನೇಳನೇ ಸಲ. ಮೂವತ್ತು ವರ್ಷ ಭೂಗೋಳ ಪಾಠ ಮಾಡಿದವರು. ಚೀಲ ಇಳಿಸೋಕೂ ಬಿಡಲಿಲ್ಲ.

"ಬಾರೇ ಇಲ್ಲಿ. ನಿಲ್ಸು. ಸ್ವಲ್ಪ ಹಿಂದಕ್ಕೆ. ಆ ನದಿ ನೋಡು. ಹಳೇ ಆಟದಲ್ಲಿ ತೆಂಕಲಿಗೆ ಹರೀತಿತ್ತು. ಈಗ ಬಡಗಲಿಗೆ. ನಡುವೆ ಏನೋ ಎದ್ದಿದೆ."

ನೋಟ್‌ಬುಕ್ಕಿಗೆ ಇಳಿಸಿಕೊಂಡರು. ಆಟದ ಹೆಸರು ಇಂಗ್ಲಿಷಿನಲ್ಲಿ ಮೊಳದುದ್ದ. ಅತ್ತೆ ಇಟ್ಟಿದ್ದು 'ಕಣಿವೆ'. ಎತ್ತ ಬೇಕಾದರೂ ನಡೆಯಬಹುದಾದ ನಾಡು, ಕಣ್ಣಿಗೆ ಬಿದ್ದ ಗುಡ್ಡವನ್ನೆಲ್ಲ ಹತ್ತಬಹುದು. ಕತ್ತಿ ನನ್ನ ಕೈಯಲ್ಲಿ, ದಾರಿ ಅತ್ತೆಯ ಬಾಯಲ್ಲಿ. ಮೊದಲ ಭಾಗವನ್ನು ಮೂರು ಸಲ ಮುಗಿಸಿದ್ದೇವೆ. ಎರಡನೆಯದಕ್ಕೆ ಇನ್ನು ಇಪ್ಪತ್ತನಾಲ್ಕು ದಿನ.

ಫೆಬ್ರವರಿ 27

ಹೊರಗಿನವರಿಗೆ ಇದು ಹುಚ್ಚು. ಇರಲಿ.

ನಾಲ್ಕು ವರ್ಷದ ಹಿಂದೆ ಮಾವ ಹೋದರು. ಅತ್ತೆ ಒಬ್ಬರೇ ಇದ್ದರು ಅಂತ ನಾನು ಬಾಡಿಗೆ ಮನೆ ಬಿಟ್ಟು ಇಲ್ಲಿಗೆ ಬಂದೆ. ನಮ್ಮನೆಯವರು ಹಡಗಿನ ಎಂಜಿನ್ ರೂಮಲ್ಲಿ — ಆರು ತಿಂಗಳು ನೀರು, ಎರಡು ತಿಂಗಳು ಮನೆ. ಉಳಿದವರು ನಾವಿಬ್ಬರು. ಐದು ತಿಂಗಳು "ಊಟ ಆಯ್ತಾ", "ಗೇಟ್ ಹಾಕಿದ್ಯಾ" ಬಿಟ್ಟು ಮಾತಿಲ್ಲ. ಒಂದು ಭಾನುವಾರ ಬೇಜಾರಿಗೆ ಇವರ ಹಳೇ ಗೇಮ್ ಪೆಟ್ಟಿಗೆ ಹಚ್ಚಿ ಕೂತಿದ್ದೆ. ಕಾಡಲ್ಲಿ ದಾರಿ ತಪ್ಪಿ ಸುತ್ತಿದಲ್ಲೇ ಸುತ್ತುತ್ತಿದ್ದೆ. ಹಿಂದಿನಿಂದ ಅತ್ತೆಯ ದನಿ — "ಅಲ್ಲೀಗ ಸಂಜೆ. ನೆರಳು ಯಾವ ಕಡೆ ಬಿದ್ದಿದೆ ನೋಡು. ಆ ಕಡೆ ಪೂರ್ವ."

ಅವತ್ತು ಶುರುವಾದ ಮಾತು.

ಮಾರ್ಚ್ 1, ಭಾನುವಾರ

ಇವರ ಫೋನ್ ಬಂತು. ನೆಟ್‌ವರ್ಕ್ ಮುರಿದು ಮುರಿದು. "ಅತ್ತೆ ಸೊಸೆ ಜಗಳ ಆಡಿದ್ದು ಕೇಳಿದೀನಿ, ಸೇರ್ಕೊಂಡು ಡ್ರ್ಯಾಗನ್ ಹೊಡೆಯೋದು ನಮ್ಮನೇಲೇ" ಅಂತ ನಕ್ಕರು.

ಫೋನ್ ಇಟ್ಟು ತಲೆ ತಿರುಗಿಸಿದೆ. ಎಡಗಣ್ಣಿನ ತುದಿಯಲ್ಲಿ ಮಿಂಚು ಹೊಡೆದ ಹಾಗಾಯಿತು. ಯಾರೋ ವೆಲ್ಡಿಂಗ್ ಮಾಡ್ತಿದ್ದಾರೇನೋ ಅಂತ ಕಿಟಕಿಗೆ ಹೋಗಿ ನೋಡಿದೆ. ಯಾರೂ ಇರಲಿಲ್ಲ.

ನಿದ್ದೆ ಕಮ್ಮಿಯಾಗಿರಬೇಕು.

ಮಾರ್ಚ್ 5

ಬೆಳಗ್ಗೆ ಲ್ಯಾಬಲ್ಲಿ ಅಚ್ಚಿನ ಮೇಲೆ ಕಪ್ಪು ಕಸ. ಬ್ರಷ್ ತಗೊಂಡು ಒರೆಸಿದೆ. ಹೋಗಲಿಲ್ಲ. ಕಣ್ಣು ಹೊರಳಿಸಿದರೆ ಕಸವೂ ಹೊರಳಿತು. ಕಸ ಅಚ್ಚಿನ ಮೇಲಿಲ್ಲ. ಕಣ್ಣಲ್ಲಿದೆ.

ಮಸಿ ಚೆಲ್ಲಿದ ಹಾಗೆ ಸಣ್ಣ ಸಣ್ಣ ಚುಕ್ಕಿ.

ಬಲಗಣ್ಣು ಹುಟ್ಟಾ ಸೋಮಾರಿ. ಆಕಾರ ಹೇಳುತ್ತೆ, ಅಕ್ಷರ ಹೇಳಲ್ಲ. ಚಿಕ್ಕವಳಿದ್ದಾಗಲೇ ಡಾಕ್ಟರು ಅಪ್ಪನಿಗೆ ಹೇಳಿಬಿಟ್ಟಿದ್ದರು, ಇದನ್ನ ಮರೆತುಬಿಡಿ, ಎಡಗಣ್ಣು ಜೋಪಾನ. ನನ್ನ ಹಲ್ಲು, ಮೇಣ, ಸಂಬಳ, ಕಣಿವೆ — ಎಲ್ಲ ಒಂದೇ ಕಣ್ಣಿನ ಮೇಲೆ ನಿಂತಿದೆ.

ನಾಳೆ ತೋರಿಸಬಹುದು. ತೋರಿಸಿದರೆ ಅರ್ಧ ದಿನ. ಅರ್ಧ ದಿನ ಕೇಳಿದರೆ ಯಜಮಾನರು ಇಪ್ಪತ್ತನೇ ತಾರೀಖಿಗೆ ಕತ್ತರಿ ಹಾಕ್ತಾರೆ. ಹದಿನೈದು ದಿನ ತಾನೇ. ಇಪ್ಪತ್ತನಾಲ್ಕಕ್ಕೆ ಹೋಗ್ತೀನಿ. ಖಂಡಿತ.

ಅತ್ತೆಗೆ ಹೇಳಿಲ್ಲ.

ಮಾರ್ಚ್ 8, ಭಾನುವಾರ

ಅತ್ತೆಗೆ ಮಗುವಿನ ಸಂಭ್ರಮ. ಎರಡು ಆಟಗಳ ನಕ್ಷೆ ಒಂದರ ಪಕ್ಕ ಒಂದು ಅಂಟಿಸಿದ್ದಾರೆ. "ನೀನು ಮಾತ್ರ ಮೊದಲ ದಿನವೇ ಪಡುವಲ ಕಡೆ ಓಡ್ಬೇಡ. ಗೊತ್ತು ನಿನ್ನ ಬುದ್ಧಿ." ನಕ್ಕೆ. ನಗುತ್ತಾ ಒಂದೊಂದೇ ಕಣ್ಣು ಮುಚ್ಚಿ ನೋಡ್ತಿದ್ದೆ, ಅವರಿಗೆ ಕಾಣದ ಹಾಗೆ. ಮಿಂಚು ನಿಂತಿದೆ. ನಿಂತಿದ್ದು ಒಳ್ಳೇದಕ್ಕೋ ಕೆಟ್ಟದ್ದಕ್ಕೋ…

ಮೊಬೈಲಲ್ಲಿ ಹುಡುಕಲಿಲ್ಲ. ಹುಡುಕಿದರೆ ಏನು ಬರುತ್ತೆ ಅಂತ ಗೊತ್ತು.

ಮಾರ್ಚ್ 10

ಎಡಗಡೆಯಿಂದ ಪರದೆ. ಬೂದು ಬಣ್ಣ. ಬಾಗಿಲ ಸಂದಿಯಿಂದ ಯಾರೋ ಇಣುಕಿದ ಹಾಗೆ ಬೆಳಗ್ಗೆ ಇತ್ತು, ಸಂಜೆಗೆ ಇನ್ನೊಂಚೂರು ಒಳಗೆ ಬಂದಿದೆ.

ಯಜಮಾನರು ಒಂದು ಸೆಟ್ ವಾಪಸ್ ತಂದಿಟ್ಟರು. "ಎಡ ದವಡೆ ಹಲ್ಲು ಓರೆ ಕೂತಿದೆ. ನಿಮ್ಮ ಕೈಯಿಂದ ಇಂಥದ್ದು ಬಂದಿದ್ದು ನಾನು ನೋಡಿಲ್ಲ." ಬೈಯಲಿಲ್ಲ. ಬೈದಿದ್ದರೆ ವಾಸಿ. ತಿದ್ದಿ ಕೊಟ್ಟೆ, ತಲೆ ಪೂರ್ತಿ ಪಕ್ಕಕ್ಕೆ ತಿರುಗಿಸಿಕೊಂಡು.

ಇನ್ನು ಹತ್ತು ದಿನ. ಹತ್ತೇ ದಿನ.

ಮಾರ್ಚ್ 12, ಗುರುವಾರ. ಸಂಜೆ 7.40. ಕಣ್ಣಾಸ್ಪತ್ರೆಯ ಬೆಂಚು

ಔಷಧಿ ಹಾಕಿ ಕೂರಿಸಿದ್ದಾರೆ. ಎಡಗಣ್ಣಿಗೆ ಎಲ್ಲ ಮಂಜು. ಬಲಗಣ್ಣಿನ ಅಂದಾಜಿನಲ್ಲಿ ಬರೀತಿದ್ದೀನಿ. ಸಾಲು ಎಲ್ಲಿಗೆ ಹೋಗ್ತಿದೆಯೋ.

ಐದೂವರೆಗೆ ಹಳೇ ಆಟ ಹಚ್ಚಿದ್ದೆವು. ಕೈ ಪಳಗಲಿ ಅಂತ ಅತ್ತೆಯದೇ ಹುಕುಂ. ಕೋಟೆ ಬಾಗಿಲ ಕಾವಲುಗಾರರು. ನೂರು ಸಲ ಹೊಡೆದವರು.

"ಎಡಗಡೆ ಬಂದ," ಅಂದರು ಅತ್ತೆ. ಏಟು ಬಿತ್ತು.

"ಎಡಗಡೆ ಅಂದ್ನಲ್ಲೇ." ಮತ್ತೆ ಏಟು.

ಮೂರನೇ ಸಲ ಸತ್ತೆ. ಅತ್ತೆ ಎದ್ದು ಟಿವಿ ಆಫ್ ಮಾಡಿದರು. ಸ್ಟೂಲ್ ಎಳೆದುಕೊಂಡು ನನ್ನೆದುರು ಮೊಣಕಾಲಿಗೆ ಮೊಣಕಾಲು ತಾಗುವ ಹಾಗೆ ಕೂತರು.

"ಬಲಗಣ್ಣು ಮುಚ್ಕೊಂಡು ನನ್ನ ಮೂಗೇ ನೋಡು. ಕಣ್ಣು ಆಡಿಸಬೇಡ. ನಿನ್ನ ಎಡಕ್ಕೆ ಎಷ್ಟು ಬೆರಳು ಹಿಡಿದಿದೀನಿ?"

ಬೂದು ಬಿಟ್ಟು ಏನೂ ಇಲ್ಲ. ಊಹಿಸಿದೆ. "ಮೂರು."

"ಕೈ ಎತ್ತೇ ಇಲ್ಲ ಕಣೇ. ಎರಡೂ ಕೈ ಮಡಿಲಲ್ಲಿದೆ."

ನನ್ನ ಗಲ್ಲ ಹಿಡಿದು ಮುಖ ಬೆಳಕಿಗೆ ತಿರುಗಿಸಿದರು.

"ಎಷ್ಟು ದಿನದಿಂದ?"

"ಹನ್ನೊಂದು ದಿನ."

"ನಿನಗಿರೋದು ಒಂದೇ ಕಣ್ಣು. ನನಗೆ ಹೇಳ್ಬೇಕು ಅನ್ನಿಸ್ಲಿಲ್ವಾ?"

"ರಜೆ ಹೋಗುತ್ತೆ. ಆಟ ತಪ್ಪುತ್ತೆ ಅಂತ."

"ಹಾಳಾಗಿ ಹೋಗ್ಲಿ ಆಟ."

"ಆಟ ಇಲ್ದಿದ್ರೆ ನಾವಿಬ್ರೂ ಏನು ಮಾತಾಡ್ತೀವಿ ಅತ್ತೆ?"

ಬಾಯಿಗೆ ಬಂದುಬಿಟ್ಟಿತು. ನನಗೇ ಗೊತ್ತಿರಲಿಲ್ಲ ಅದು ಒಳಗಿದೆ ಅಂತ. ಅತ್ತೆ ಮುಖ ತಿರುಗಿಸಿದರು. ಆಮೇಲೆ ಎದ್ದು ಚಪ್ಪಲಿ ಮೆಟ್ಟಿಕೊಂಡು, ಆಟೋ ಕರೆಯೋಕೆ ಬೀದಿಗೆ ಇಳಿದೇ ಬಿಟ್ಟರು. ಸೆರಗು ನೆಲಕ್ಕೆ ಎಳೀತಿತ್ತು. ಅವರಿಗೆ ಪರಿವೆಯಿಲ್ಲ.

ಈಗ ಪಕ್ಕದಲ್ಲೇ ಕೂತಿದ್ದಾರೆ. ನನ್ನ ಚೀಲ ಎದೆಗವಚಿಕೊಂಡಿದ್ದಾರೆ. ಕರೀತಿದ್ದಾರೆ —

ಅದೇ ದಿನ, 8.30

ಕಣ್ಣಿನ ಹಿಂಪರದೆ ಕಳಚಿಕೊಳ್ತಿದೆ. ಗೋಡೆಯಿಂದ ವಾಲ್‌ಪೇಪರ್ ಕಿತ್ತು ಬಂದ ಹಾಗೆ, ಅಂದರು ಡಾಕ್ಟರಮ್ಮ. ನಡುಭಾಗ ಇನ್ನೂ ಅಂಟಿಕೊಂಡಿದೆ. ಕಳಚಿದ ಅಂಚು ಅದರಿಂದ ಕೂದಲೆಳೆಯಷ್ಟು ದೂರದಲ್ಲಿ ನಿಂತಿದೆ.

"ಆಪರೇಷನ್ ನಾಳೆ ಬೆಳಗ್ಗೆ. ಸೋಮವಾರದ ತನಕ ಬಿಟ್ಟಿದ್ರೆ ನಾನು ಇಷ್ಟು ಧೈರ್ಯವಾಗಿ ಮಾತಾಡ್ತಿರ್ಲಿಲ್ಲ."

"ಈಗ ಧೈರ್ಯ ಇದೆಯಾ?" ಅತ್ತೆ ಕೇಳಿದರು.

"ಈಗ ಪ್ರಯತ್ನ ಇದೆ."

ಕಣ್ಣೊಳಗೆ ಗ್ಯಾಸಿನ ಗುಳ್ಳೆ ಬಿಡ್ತಾರೆ. ಅದು ಪರದೆಯನ್ನು ಒತ್ತಿ ಹಿಡಿಯಬೇಕು. ಅದಕ್ಕೆ ಒಂಬತ್ತು ದಿನ ಬೋರಲು ಮಲಗಬೇಕು. ಗಂಟೆಗೆ ಹತ್ತು ನಿಮಿಷ ಮಾತ್ರ ಏಳಬಹುದು. ಟಿವಿ ಇಲ್ಲ.

ಲೆಕ್ಕ ಹಾಕಿದೆ. ಹದಿಮೂರಕ್ಕೆ ಒಂಬತ್ತು. ಇಪ್ಪತ್ತೆರಡು. ಇಂಥ ಹೊತ್ತಲ್ಲೂ ಲೆಕ್ಕ ಹಾಕಿದೆ. ನಾಚಿಕೆಯಾಯಿತು.

ಮಾರ್ಚ್ 17

ಬರೆಯಬೇಡಿ ಅಂದಿದ್ದಾರೆ. ಗಂಟೆಗೆ ಒಂದೆರಡೇ ಸಾಲು. ದಪ್ಪ ಪೆನ್ನು, ಪುಟಕ್ಕೆ ಹತ್ತು ಪದ. ಮಂಚದ ಅಂಚಿಗೆ ದಿಂಬು ಕಟ್ಟಿ, ಹಣೆ ಅದರ ಮೇಲೆ. ಕೆಳಗೆ ನೆಲ. ನೆಲದ ಮೇಲೆ ಈ ಪುಸ್ತಕ.

ಎರಡನೇ ದಿನ ಕಣ್ಣಲ್ಲಿ ಒತ್ತಡ ಏರಿತ್ತು. ತಲೆ ಸೀಳುವ ನೋವು, ವಾಂತಿ. ಮತ್ತೆ ಆಸ್ಪತ್ರೆ, ಮತ್ತೆ ಹನಿ. ಇಳೀತು. ಹಿಂಪರದೆ ಅಂಟಿದೆಯೋ ಇಲ್ಲವೋ ಶನಿವಾರ ಹೇಳ್ತಾರೆ. ಎಡಗಣ್ಣಿಗೆ ಬರೀ ಬೆಳಕು, ನೀರಿನೊಳಗಿಂದ ನೋಡಿದ ಹಾಗೆ. ಬೆಳಕಾದರೂ ಇದೆ ಅಂತ ಗಳಿಗೆಗೊಮ್ಮೆ ನೋಡ್ಕೋತೀನಿ.

ಇವತ್ತು ಮಧ್ಯಾಹ್ನ ಅತ್ತೆ ಚಾಪೆ ಹಾಸಿ ನನ್ನ ಮುಖದ ಕೆಳಗೇ ಅಂಗಾತ ಮಲಗಿದರು. ಎಪ್ಪತ್ತೊಂದರ ಸೊಂಟ. "ಕತ್ತು ಎತ್ತೋ ಹಾಗಿಲ್ಲ ಅಂದ್ರೆ ನಾನೇ ಕೆಳಗೆ ಬರ್ಬೇಕಲ್ಲ."

ಮುಖಕ್ಕೆ ಮುಖ. ಒಂದು ಮೊಳ ಅಂತರ.

"ನಾನ್ಯಾಕೆ ಮೊದಲು ನಿನ್ನ ಮಾತಾಡಿಸ್ತಿರ್ಲಿಲ್ಲ ಗೊತ್ತಾ? ನೀನು ಬಂದ ವಾರ ಫೋನಲ್ಲಿ ನಿನ್ನ ಅಕ್ಕನಿಗೆ 'ಅವರ ಮನೇಲಿದೀನಿ' ಅಂದೆ. ಅವರ ಮನೆ. ಕೇಳಿಸ್ಕೊಂಡೆ."

ನೆನಪೇ ಇರಲಿಲ್ಲ. "ನಾಲ್ಕು ವರ್ಷ ಇಟ್ಕೊಂಡಿದ್ರಾ?"

"ಇಟ್ಕೊಂಡಿದ್ದೆ. ಈಗ ಬಿಟ್ಟೆ."

ಎಷ್ಟು ಹೊತ್ತು ಮಾತಾಡಿದೆವೋ. ಮಾವನ ಗೊರಕೆ, ನಮ್ಮಮ್ಮನ ಕೋಪ, ಇವರು ಎಂಟನೇ ವಯಸ್ಸಿನಲ್ಲಿ ಮನೆ ಬಿಟ್ಟು ಬಸ್‌ಸ್ಟ್ಯಾಂಡ್ ತನಕ ಹೋಗಿ ಹಸಿವಾಗಿ ವಾಪಸ್ ಬಂದದ್ದು. ಕಣಿವೆಯ ಸುದ್ದಿ ಒಂದು ಮಾತೂ ಬರಲಿಲ್ಲ.

ಏಳುವಾಗ ಅವರಿಗೆ ಏಳೋಕಾಗಲಿಲ್ಲ. ನನಗೆ ಎತ್ತೋಕಾಗಲಿಲ್ಲ. ಕೆಲಸದವಳು ಬರುವ ತನಕ ಹಾಗೇ ಇದ್ದೆವು.

ಮಾರ್ಚ್ 20, ಶುಕ್ರವಾರ

ಒಂಬತ್ತೂವರೆಗೆ ಕಣಿವೆ ತೆರೆಯಿತು. ಗೇಮ್ ಪೆಟ್ಟಿಗೆಯೇ ಟಿಂಗ್ ಅಂತು. ಇಬ್ಬರಿಗೂ ಕೇಳಿಸಿತು. ಇಬ್ಬರೂ ಕೇಳಿಸದವರ ಹಾಗೆ ಇದ್ದೆವು.

"ಆಡಿ ಅತ್ತೆ."

"ನಿನ್ನ ಬಿಟ್ಟು ಮುಟ್ಟಲ್ಲ. ನಿನ್ನ ಕಣ್ಣು ಬರ್ಲಿ."

"ಬರದಿದ್ರೆ?"

ಅತ್ತೆ ನನ್ನ ಹಣೆ ಕೆಳಗಿನ ದಿಂಬು ಸರಿ ಮಾಡಿದರು.

"ನಾಳೆ ಡಾಕ್ಟರು ಏನು ಹೇಳ್ತಾರೋ. ಅಲ್ಲಿ ತನಕ ನೆಲ ನೋಡ್ಕೊಂಡು ಕಾಯೋಕೆ ನನ್ನಿಂದಾಗಲ್ಲ. ನೀವು ಆಡಿ. ಏನು ಕಾಣುತ್ತೋ ಹೇಳಿ. ಸಾಕು."

ಕುರ್ಚಿ ಎಳೆದ ಸದ್ದು. ಅತ್ತೆ ಇವತ್ತಿನ ತನಕ ಕಂಟ್ರೋಲರ್ ಮುಟ್ಟಿದವರಲ್ಲ. ಧೂಳು ಒರೆಸೋಕೆ ಬಿಟ್ಟು.

"ಎಡ ಹೆಬ್ಬೆರಳು ಕಾಲು. ಬಲ ಹೆಬ್ಬೆರಳು ತಲೆ," ಅಂದೆ.

"ತಲೆ ಸುಮ್ನೆ ಆಕಾಶ ನೋಡ್ತಿದೆ."

"ಕೆಳಗೆ ಎಳೀರಿ."

"ಈಗ ಚಪ್ಪಲಿ ನೋಡ್ತಿದೆ."

ಆಮೇಲೆ ಸರಿಯಾಯಿತು. ಕ್ಲಾಸಿನ ದನಿ ಬಂತು. "ಎದುರಿಗೆ ಪ್ರಪಾತ. ಆಚೆ ಮೂರು ಸಾಲು ಬೆಟ್ಟ, ಹಿಂದಿನದು ನೀಲಿ, ಅದರ ಹಿಂದಿನದು ಇನ್ನೂ ತೆಳು ನೀಲಿ. ನದಿ ಮೇಲೆ ಕಲ್ಲಿನ ಸೇತುವೆ, ನಡುವೆ ಮುರಿದಿದೆ. ಮಂಜು. ಬೆಳಗಿನ ಹೊತ್ತು, ನೆರಳು ಉದ್ದ ಇದೆ." ಕುರ್ಚಿ ಇನ್ನಷ್ಟು ಮುಂದಕ್ಕೆಳೆದರು. "ಬಹಳ ದೊಡ್ಡದು ಕಣೇ. ಅಂಚೇ ಕಾಣಲ್ಲ."

ನನ್ನ ಮುಖದ ಕೆಳಗಿನ ನೆಲ ಒದ್ದೆಯಾಯಿತು. ಅಳಬಾರದು, ಕಣ್ಣಿಗೆ ಕೆಟ್ಟದು.

"ಸತ್ತೆ," ಅಂದರು ಅತ್ತೆ.

"ಯಾರು ಹೊಡೆದ್ರು?"

"ಮೇಕೆ."

ಮಾರ್ಚ್ 21

ಅಂಟಿದೆ. ಡಾಕ್ಟರಮ್ಮ ಎರಡು ಸಲ ಹೇಳಿದರು. ಪೂರ್ತಿ ಅಂಟಿದೆ. ನೋಟ ಎಷ್ಟು ಮರಳುತ್ತೆ ಅನ್ನೋದಕ್ಕೆ ಮೂರು ತಿಂಗಳು ಬೇಕು. ಹಲ್ಲು ಕೂರಿಸೋ ಅಷ್ಟು ಬರುತ್ತಾ ಅಂದೆ. "ಮೂರು ತಿಂಗಳು," ಅಂದರು.

ಅತ್ತೆ ಕಾರಿಡಾರಿನಲ್ಲಿ ಕಂಬ ಹಿಡಿದು ನಿಂತುಬಿಟ್ಟರು. ಅರ್ಧ ಲೋಟ ನೀರು ಕುಡಿದ ಮೇಲೆ ನಡೆದರು. ಅಲ್ಲಿಂದಲೇ ಯಜಮಾನರಿಗೆ ಫೋನ್. ಮನೆ ಕೆಲಸ ಏನಂತ ನಿಜ ಹೇಳಿಬಿಟ್ಟರು. ಅವರು ಕಣ್ಣಿನ ವಿಷಯ ಎಲ್ಲ ಕೇಳಿಸಿಕೊಂಡರಂತೆ. ಆಮೇಲೆ, "ಮೂರು ತಿಂಗಳು ಆ ಟೇಬಲ್ಲಿಗೆ ಯಾರನ್ನೂ ಕೂರಿಸಲ್ಲ. ಆಮೇಲೆ ನೋಡೋಣ." ಆಮೇಲಿನದು ಆಮೇಲೆ.

ಮಾರ್ಚ್ 28, ಶನಿವಾರ. ಬೆಳಗ್ಗೆ 11

ಕೂರಬಹುದು. ಅರ್ಧ ಗಂಟೆ ಟಿವಿಯೂ ಇದೆ.

ಗುಳ್ಳೆ ಕರಗ್ತಿದೆ. ಕಣ್ಣಲ್ಲಿ ನೀರಿನ ಮಟ್ಟದ ಹಾಗೆ ಒಂದು ಗೆರೆ, ತಲೆ ಆಡಿಸಿದರೆ ತುಳುಕುತ್ತೆ. ಗೆರೆಯ ಕೆಳಗೆಲ್ಲ ಕಲಕಿದ ನೀರು. ಮೇಲೆ ಮಾತ್ರ ಒಂದು ಪಟ್ಟಿ ತಿಳಿಯಾಗಿದೆ. ನಾಲ್ಕು ಬೆರಳಗಲ.

ಬಲಗಣ್ಣಿಗೆ ಕೈ ಅಡ್ಡ ಹಿಡಿದು ಆ ಪಟ್ಟಿಯಲ್ಲಿ ನೋಡಿದೆ. ಟಿವಿಯ ಮೇಲಂಚು. ಬೆಟ್ಟದ ನೆತ್ತಿ. ನೀಲಿ, ಅದರ ಹಿಂದೆ ತೆಳು ನೀಲಿ. ಎರಡೂ ಬೇರೆ ಬೇರೆಯಾಗಿಯೇ ಕಾಣ್ತಿವೆ. ಒಂದು ಹಕ್ಕಿ ದಾಟಿತು. ರೆಕ್ಕೆಯ ಬಡಿತವೂ ಕಂಡಿತು.

ಕೆಳಗೆ ಕಲಕಿದ ನೀರಿನಲ್ಲಿ ಅತ್ತೆ ಯಾವುದರ ಜೊತೆಗೋ ಹೊಡೆದಾಡ್ತಿದ್ದಾರೆ. ಒಂದು ವಾರದಲ್ಲಿ ಕೈ ಕುದುರಿದೆ, ಬಾಯಿ ಕೆಟ್ಟಿದೆ.

"ಕಾಣುತ್ತೇನೇ?"

"ಮೇಲಿಂದು ಕಾಣುತ್ತೆ."

"ಹಾಗಾದ್ರೆ ಮೇಲಿಂದು ನೀನು ನೋಡ್ಕೋ. ಕೆಳಗಿಂದು ನಂದು. ಬೇಗ ಹೇಳು, ಆ ಗೋಪುರದ ತುದೀಲಿ ಯಾರಾದ್ರೂ ನಿಂತಿದಾರಾ?"

ನಿಂತಿದ್ದಾರೆ. ಪೆನ್ನು ಇಡ್ತೀನಿ, ಅವನು ಬಿಲ್ಲು ಎತ್ತಿದ —