ಮಂಚತ್ತೆಯ ಅಕ್ಕಡಿ ಸಾಲು

ಸಂತೆಬಾಚಹಳ್ಳಿ
೮-೧-೧೯೬೭

ಚಿ. ಸೌ. ಸಿದ್ದಲಿಂಗಮ್ಮನಿಗೆ ನಿನ್ನ ಭಾವ ಕರಿಯಪ್ಪ ಮಾಡುವ ಆಶೀರ್ವಾದಗಳು.

ಬೆಳಗೊಳದ ಮಹಾಜನಗಳೇ, ಒಲೆಯ ಮುಂದಿನ ಮಾನ್ಯ ಅಧ್ಯಕ್ಷೆಯೇ, ಎಸರಿಟ್ಟು ನಮ್ಮೂರ ಅವರೆಗೆ ಕಾದು ಕುಳಿತ ಮಕ್ಕಳೇ, ತಡವಾದುದಕ್ಕೆ ಕ್ಷಮೆ ಇರಲಿ. ಪ್ರತಿ ವರ್ಷ ಸಂಕ್ರಾಂತಿಗೆ ಮುಂಚೆ ನಿಮ್ಮ ಮನೆ ಸೇರುತ್ತಿದ್ದ ಅವರೆಯ ಗಂಟು ಈ ಸಲ ಬರುವುದಿಲ್ಲ. ಬದಲಿಗೆ ಈ ಭಾಷಣ. ಎಷ್ಟು ಉರಿ ಹಾಕಿದರೂ ಬೇಯುವುದಿಲ್ಲ, ಆದರೂ ಸ್ವೀಕರಿಸಬೇಕು.

ನಮ್ಮ ಹೊಲಕ್ಕೆ ಬಹುಮಾನ ಬಂದಿದೆ ಸಿದ್ದು. ಮಾದರಿ ರಾಗಿ ಹೊಲವಂತೆ. ನನ್ನ ತಮ್ಮ ಚಿಕ್ಕಸ್ವಾಮಿಗೆ ಹಾರ ಹಾಕಿ, ಔಷಧಿ ಹೊಡೆಯುವ ಪಂಪು ಕೊಟ್ಟರು. ಅದು ನಡುಮನೆಯಲ್ಲಿ ದೇವರ ಪಕ್ಕ ಕೂತಿದೆ. ಔಷಧಿ ಇನ್ನೂ ಬಂದಿಲ್ಲ.

ಆಷಾಢದಲ್ಲಿ ನಿನ್ನವ್ವ ಮಂಚತ್ತೆ ಎಂದಿನಂತೆ ಬಿತ್ತುವ ಕೂರಿಗೆಯ ಹಿಂದೆ ನಡೆದು, ರಾಗಿಯ ನಡುವಿನ ಅಕ್ಕಡಿ ಸಾಲಿಗೆ ಅವರೆ, ಹುಚ್ಚೆಳ್ಳು ಬಿಟ್ಟಿದ್ದಳು. ರಾಗಿ ಮನೆಯದು, ಅಕ್ಕಡಿ ಸಾಲು ಮಂಚತ್ತೆಯದು. ಅವಳು ಗಂಡನನ್ನು ಕಳೆದುಕೊಂಡು, ನಿನ್ನನ್ನು ಕಂಕುಳಲ್ಲಿಟ್ಟುಕೊಂಡು ತವರಿಗೆ ಬಂದಾಗ ತಾತ ಮಾಡಿದ ಕಟ್ಟು ಅದು. ಆ ಸಾಲಿನಿಂದಲೇ ನಿನ್ನನ್ನು ಸಾಕಿದಳು, ನಮಗೆಲ್ಲ ಸಾರು ಕಾಸಿದಳು.

ಪೈರು ಗೇಣುದ್ದ ಬಂದಾಗ ಬೇಸಾಯದ ಇಲಾಖೆಯ ಅಧಿಕಾರಿಯೊಬ್ಬರು ಬದುವಿನ ಮೇಲೆ ನಿಂತು, ಮಾದರಿ ಹೊಲದಲ್ಲಿ ಒಂದೇ ಪೈರಿರಬೇಕು, ಉಳಿದದ್ದೆಲ್ಲ ಕಳೆ ಎಂದರು. ನಾನು ಆ ವಾರ ನಾಗಮಂಗಲದಲ್ಲಿದ್ದೆ. ಚಿಕ್ಕಸ್ವಾಮಿ ಆಳು ಬಿಟ್ಟು ಕೀಳಿಸಿ ಎತ್ತಿಗೆ ಹಾಕಿಸಿದ.

"ಲೇ, ಅತ್ತೆ ಸಾಲು ಕೀಳಾಕೆ ನಿಂಗ್ಯಾರ್ಲಾ ಏಳಿದ್ದು?" ಎಂದೆ, ಬಂದವನೇ.

"ಸುಮ್ಕಿರಣ್ಣ, ರಾಗಿ ಜಾಸ್ತಿ ಆಯ್ತದೆ. ಅತ್ತೆಗೆ ಮನೇಲಿ ಮುದ್ದೆ ಇಕ್ಕಾಕಿಲ್ವ?"

ಅತ್ತೆ ಕೊಟ್ಟಿಗೆಯಿಂದಲೇ ಅಂದಳು: "ಇಕ್ತೀಯ ಕಣಪ್ಪ. ಇಷ್ಟ್ ದಿನ ನಾನಿಕ್ತಿದ್ದೆ. ಈಗ ಇಕ್ಕುಸ್ಕೊಂಡು ತಿನ್ನೋಳ್ನ ಮಾಡ್ಬುಟ್ಯಲ್ಲ."

ರಾಗಿ ಹೆಚ್ಚೇ ಬಂತು, ಸುಳ್ಳು ಹೇಳಲಾರೆ. ಕಾಳಿಡುವ ನೆಲದ ಹಗೇವು ತುಂಬಿತು. ಆದರೆ ದೇಶದ ಹಸಿವಿನ ಲೆಕ್ಕ ಹಾಕುವ ಮಹನೀಯರಿಗೆ, ಮುದ್ದೆಯನ್ನು ಯಾವುದರಲ್ಲಿ ಅದ್ದಬೇಕೆಂಬ ಯೋಚನೆಯೇ ಬರಲಿಲ್ಲವೇ? ಹಿಂದಿನ ವರ್ಷ ಮಳೆ ಕೈಕೊಟ್ಟು ರಾಗಿ ಸೊರಗಿದಾಗ ಈ ಮನೆಯ ಹೊಟ್ಟೆ ತುಂಬಿಸಿದ್ದು ಇವರು ಹೇಳುವ ಆ ಕಳೆಯೇ. ಅಂಥ ಸಾಲು ಕೀಳಲು ಒಬ್ಬರು ಬೆರಳು ತೋರಿಸಿದ್ದೇ ಸಾಕಾಯಿತು. ಅತ್ತೆಯನ್ನು ಒಂದು ಮಾತು ಕೇಳಬೇಕೆಂದು ಯಾರಿಗೂ ತೋಚಲಿಲ್ಲ.

ಬಹುಮಾನದ ಸಭೆಯಲ್ಲಿ ವಂದನಾರ್ಪಣೆಗೆ ಬಿ.ಎ. ಓದಿದವನೆಂದು ನನ್ನನ್ನೇ ನಿಲ್ಲಿಸಿದರು. ಹೇಳಿಯೇಬಿಟ್ಟೆ:

ಸಾಲು ಹೋಯಿತು, ಸಾರು ಹೋಯಿತು,
ಬಹುಮಾನ ಬಂತು, ಮಾನ ಹೋಯಿತು.

ಪ್ರಾಸ ಚೆನ್ನಾಗಿದೆಯೆಂದು ಚಪ್ಪಾಳೆ ತಟ್ಟಿದರು. ಅಧಿಕಾರಿಗಳು ಇನ್ನೊಮ್ಮೆ ಹೇಳಿಸಿದರು.

ನಿನ್ನ ಯಜಮಾನರಿಗೆ ನಮಸ್ಕಾರ. ಮಕ್ಕಳ ತಟ್ಟೆಗೆ ಎಂದೂ ಒಂದೇ ಪೈರು ಬೀಳದಿರಲಿ.

ಇತಿ ನಿನ್ನ ಭಾವ,
ಕರಿಯಪ್ಪ

ಮತ್ತೆ: "ಅವರೇಗೆ ಉಳ ಬಿತ್ತು ಅಂತ ಬರಿಯಪ್ಪ, ಸಿದ್ದು ನೊಂದ್ಕತ್ತದೆ. ನಾನು ಚೆಂದಾಗಿವ್ನಿ ಅಂತ್ಲೂ ಬರಿ" ಎಂದಿದ್ದಳು ನಿನ್ನವ್ವ. ಬರೆಯಲಾಗಲಿಲ್ಲ. ಸುಗ್ಗಿಯಿಂದ ಅವಳು ನಮ್ಮ ಒಲೆಯಲ್ಲಿ ಬೆಂದದ್ದನ್ನು ಮುಟ್ಟಿಲ್ಲ. ಕಂಡವರ ಹೊಲದಲ್ಲಿ ಅವರೆ ಬಿಡಿಸಿ, ಕೂಲಿಗೆ ಕೊಟ್ಟ ಕಾಯನ್ನು ಕೊಟ್ಟಿಗೆಯಲ್ಲಿ ಮೂರು ಕಲ್ಲು ಹೂಡಿ ಬೇಯಿಸಿಕೊಳ್ಳುತ್ತಾಳೆ. ಕೂಲಿ ಇಲ್ಲದ ದಿನ ಅದೂ ಇಲ್ಲ. ಬರುವ ಆಷಾಢಕ್ಕೆ ನನ್ನ ಪಾಲಿನ ಹೊಲದಲ್ಲಿ ನಿನ್ನ ಸಾಲು ಬಿತ್ತಿಸುತ್ತೇನೆ ಅತ್ತೆ, ಈಗ ಉಣ್ಣು ಎಂದು ಎದುರು ಕೂತು ಬೇಡಿದೆ. "ನನ್ನ ಬೀಜ ಎಲ್ಲೈತ್ಲಾ?" ಎಂದಳು. ಇಟ್ಟಿದ್ದ ಬೀಜವನ್ನೆಲ್ಲ ಆ ಸಾಲಿಗೇ ಬಿಟ್ಟಿದ್ದಳು.

ಹೋದ ಸಲದ ಗಂಟಿನಲ್ಲಿ ಒಂದು ಹಿಡಿ ಉಳಿದಿದ್ದರೂ ಬೇಯಿಸಬೇಡ, ಸೆರಗಿಗೆ ಕಟ್ಟಿಕೊಂಡು ಬಾ. ಉಳಿಯದಿದ್ದರೂ ಬಾ. ಭಾಷಣ ಸಾಕು ಸಿದ್ದು, ನನಗೆ ಭಯವಾಗುತ್ತಿದೆ.