ಬೀದಿಗೆ ಎಂಟಡಿ ಗಾಜು, ಅಡುಗೆಮನೆಗೆ ಬರೀ ಗೋಡೆ

ವಿಜಯಪುರ
ಶಕ ೨೦೮೧, ಚೈತ್ರದ ಐವತ್ತೆರಡನೆಯ ದಿನ

ಮುತ್ಯಾ ಸಂಗನಬಸಪ್ಪನವರಿಗೆ, ನಿಮ್ಮ ಮರಿಮಗಳ ಮೊಮ್ಮಗಳು ಸುಗಲಾ ಬರೆಯುವುದು.

ಚೈತ್ರಕ್ಕೆ ಐವತ್ತೆರಡು ದಿನವೇ ಎಂದು ಹುಬ್ಬೇರಿಸಬೇಡಿ. ಬೇಸಿಗೆ ಬೇಗ ಮುಗಿಯುವುದೇ ಇಲ್ಲವಾದ್ದರಿಂದ ನಾವು ತಿಂಗಳುಗಳನ್ನೇ ಎಳೆದು ಉದ್ದ ಮಾಡಿಕೊಂಡಿದ್ದೇವೆ. ನನ್ನ ಮಾತು ಅಲ್ಲಲ್ಲಿ ವಿಚಿತ್ರವೆನಿಸಿದರೆ ಕ್ಷಮಿಸಿ. ಈ ಕಾಗದದಲ್ಲಿ ನಾನು ಕೇಳುವ ಕ್ಷಮೆ ಅದೊಂದೇ. ಇಂಥ ಕಾಗದವನ್ನು ಹಿನ್ನೋಲೆ ಎನ್ನುತ್ತೇವೆ. ಹಿಂದಿನ ಕಾಲಕ್ಕೆ ಕಾಗದ ಕಳಿಸಲು ಜೀವಮಾನದಲ್ಲಿ ಒಮ್ಮೆ ಮಾತ್ರ ಅವಕಾಶ. ಜನ ಅದನ್ನು ತೀರಿಹೋದ ಮಕ್ಕಳಿಗೆಂದು, ಕೈತಪ್ಪಿದ ಪ್ರೀತಿಗೆಂದು ಕಾದಿಟ್ಟುಕೊಳ್ಳುತ್ತಾರೆ. ನಾನು ನಿಮ್ಮ ಕಿಟಕಿಗೆ ಸುರಿಯುತ್ತಿದ್ದೇನೆ. ನನ್ನ ಹಣೆಬರಹ.

ಇದು ತಲುಪುವಾಗ ನಿಮ್ಮ ಹೊಸ ಮನೆಯ ಗೋಡೆ ಸೊಂಟದ ಮಟ್ಟಕ್ಕೆ ಎದ್ದಿರುತ್ತದೆ. ಎದುರು ಪ್ಲಾಟಿನ ಬಾಬುಗೌಡರು ಆರಡಿ ಕಿಟಕಿ ಇಡಿಸಿದರೆಂದು ನೀವು ಎಂಟಡಿ ಗಾಜಿಗೆ ಆರ್ಡರ್ ಕೊಟ್ಟು ಬಂದಿದ್ದೀರಿ. ಅದೂ ತೆರೆಯಲು ಬಾರದ ಗಾಜು! ವಿಜಯಪುರದ ಬಿಸಿಲಿಗೆ, ಪಡುವಣ ಗೋಡೆಗೆ! ಗೃಹಪ್ರವೇಶದ ಮಾರನೆಯ ದಿನವೇ ಝಳ ತಾಳಲಾರದೆ ದಪ್ಪ ಪರದೆ ಎಳೆಯುತ್ತೀರಿ. ನೀವು ಸಾಯುವವರೆಗೂ ಅದು ಸರಿಯುವುದಿಲ್ಲ. ಚೌಕಟ್ಟಿನ ಮೇಲಿನ ಪ್ಲಾಸ್ಟಿಕ್ ಹಾಳೆಯನ್ನಂತೂ, ಹೊಸದಾಗಿಯೇ ಕಾಣಲೆಂದು, ಕೀಳಲು ಬಿಡಲಿಲ್ಲವಂತೆ. ಅದರ ಚೂರುಗಳನ್ನು ನಾನು ಈಗಲೂ ಉಗುರಿನಿಂದ ಕೆರೆಯುತ್ತೇನೆ. ದಾರಿಹೋಕರು ನೋಡಿ ಹೊಟ್ಟೆ ಉರಿದುಕೊಳ್ಳಲಿ ಎಂಬುದು ನಿಮ್ಮ ಆಸೆ. ಅವರ ಹೊಟ್ಟೆ ಉರಿಯಿತೋ ಇಲ್ಲವೋ, ನಮ್ಮ ಮೈ ಉರಿಯುತ್ತಿದೆ.

ನಿಮ್ಮ ಹೆಂಡತಿ ಗುರುಬಾಯಿ ಆಯಿ ಕೇಳಿದ್ದು ಬಡಗಣದ ಅಡುಗೆಮನೆಗೆ ಒಂದು ಕಿಟಕಿ. "ರೊಟ್ಟಿ ಬಡಿಯೂಮುಂದ ಉಸುರು ಕಟ್ಟತೈತ್ರಿ. ತಗದು ಮುಚ್ಚೂವಂಥಾದ್ದು ಸಣ್ಣದೊಂದು ಕಿಡಕಿ ಇಡಸ್ರಿ, ಸಾಕು." ನೀವು ಅಂದದ್ದು: "ಅಡಿಗಿಮನಿ ಯಾರ್ ನೋಡ್ತಾರ, ಸುಮ್ಮನಿರು." ಈ ಎರಡು ಮಾತು ನಮ್ಮಲ್ಲಿ ಅವ್ವನಿಂದ ಮಗಳಿಗೆ ಬಂದಿವೆ. ಆ ಗಾಜು ಬಿಟ್ಟರೆ ನಿಮ್ಮಿಂದ ಬಂದ ಆಸ್ತಿ ಇಷ್ಟೇ.

ನಮ್ಮ ಕಾಲದಲ್ಲಿ ಹೊಸ ಮನೆ ಕಟ್ಟುವಂತಿಲ್ಲ, ಇಟ್ಟಿಗೆ ಸುಡುವುದು ಅಪರಾಧ; ಅದಕ್ಕೇ ಇಂದಿಗೂ ನಿಮ್ಮ ಮನೆಯಲ್ಲೇ ಇದ್ದೇವೆ. ಬೆಳಿಗ್ಗೆಯಿಂದ ಸಂಜೆಯವರೆಗೆ ಬಿಳಿಹೊತ್ತು. ಆಗ ಯಾರೂ ಹೊರಗೆ ಕಾಲಿಡುವುದಿಲ್ಲ, ವಿದ್ಯುತ್ತೂ ಇರುವುದಿಲ್ಲ. ಮನೆಯ ಕೌದಿಗಳನ್ನೆಲ್ಲ ನಿಮ್ಮ ಗಾಜಿಗೆ ಹೊದಿಸಿದರೂ ಹಾಲ್ ಕಾದ ಹಂಚು. ಹಾಗಾಗಿ ಒಂಬತ್ತು ಜನ ಅಡುಗೆಮನೆಯಲ್ಲಿ ಮಂಡಿಗೆ ಮಂಡಿ ತಾಗಿಸಿ ಕೂರುತ್ತೇವೆ. ಗಾಳಿಯಿಲ್ಲ. ಆ ಗೋಡೆಯಲ್ಲಿ ಕಿಟಕಿ ಇಲ್ಲದ್ದನ್ನು ನೋಡಿಕೊಂಡು ಪಕ್ಕದವರು ಹಿಂದೆಯೇ ತಮ್ಮ ಮನೆಯನ್ನು ಅದಕ್ಕೇ ಅಂಟಿಸಿ ಕಟ್ಟಿದರು. ಈಗ ಕೊರೆದರೆ ಅವರ ಮಲಗುವ ಕೋಣೆಗೆ ಹೋಗಿ ಬೀಳುತ್ತೇವೆ. ನನ್ನ ಅವ್ವನಿಗೆ ಉಬ್ಬಸ. ಈ ಬೇಸಿಗೆಯಲ್ಲಿ ಎರಡು ಸಲ ಅಲ್ಲೇ ಎಚ್ಚರ ತಪ್ಪಿದಳು. ಇನ್ನೊಂದು ಬೇಸಿಗೆ ಈ ಕೋಣೆಯಲ್ಲಿ ದಾಟುವುದಿಲ್ಲ ಎಂದಿದ್ದಾರೆ ವೈದ್ಯರು.

ಈ ಕಾಗದ ನಿಮ್ಮ ಕೈಸೇರಿದ ದಿನವೇ ಮಧ್ಯಾಹ್ನ ಗುರುಬಾಯಿ ಆಯಿ ಬುತ್ತಿ ಹಿಡಿದು ಕಟ್ಟಡಕ್ಕೆ ಬರುತ್ತಾರೆ. ಮತ್ತೊಮ್ಮೆ ಕೇಳುತ್ತಾರೆ, ಆಮೇಲೆ ಎಂದೂ ಕೇಳುವುದಿಲ್ಲ. ನಿಮ್ಮ ಬುದ್ಧಿ ತಿದ್ದುವ ಹುಚ್ಚು ನನಗಿಲ್ಲ. ಎಂಟಡಿ ಗಾಜು ಇಡಿಸಿಕೊಳ್ಳಿ, ಬಾಬುಗೌಡರ ಎದುರು ಮೀಸೆ ತಿರುವಿಕೊಳ್ಳಿ. ಗೌಂಡಿಗೆ ಹೇಳಿ ಬಡಗಣ ಗೋಡೆಯಲ್ಲಿ ಎರಡಡಿ ಜಾಗ ಬಿಡಿಸಿ, ಅಷ್ಟೇ. ಇದ್ದಕ್ಕಿದ್ದಂತೆ ಮನಸ್ಸು ಬದಲಾದದ್ದೇಕೆ ಎಂದು ಆಕೆ ಕೇಳಿದರೆ, ನಿಮ್ಮದೇ ಯೋಚನೆ ಎಂದು ಹೇಳಿಕೊಳ್ಳಿ. ಆ ಹೆಗ್ಗಳಿಕೆಯೂ ನಿಮಗೇ ಇರಲಿ. ನನಗೆ ನನ್ನ ಅವ್ವ ಬೇಕು.